ತುಷ್ಟಿಗುಣ: ಬೇಕೆನಿಸುವುದು ಬೇರೆ, ಸುಖ ಬೇರೆ

ತುಷ್ಟಿಗುಣವೆಂದರೆ ಸರಕಿನಿಂದ ಸಿಗುವ ಸುಖದ ಅಳತೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದಕ್ಕೆ ಮೂಲವೂ ಇದೆ: 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತತ್ತ್ವಜ್ಞಾನಿ ಜೆರೆಮಿ ಬೆಂಥಾಮ್ ಸುಖದುಃಖಗಳ ಲೆಕ್ಕದ ಮೇಲೆಯೇ ತುಷ್ಟಿಗುಣವನ್ನು ನಿಲ್ಲಿಸಿದ್ದ. ಆದರೆ ಸುಖವನ್ನು ಅಳೆಯಲು ದಾರಿ ಕಾಣದ ನಂತರದ ಅರ್ಥಶಾಸ್ತ್ರಜ್ಞರು ಆ ಅರ್ಥವನ್ನು ಕೈಬಿಟ್ಟರು. 1938ರಲ್ಲಿ ಪಾಲ್ ಸ್ಯಾಮುಯೆಲ್ಸನ್ ಜನರ ಆಯ್ಕೆಗಳನ್ನಷ್ಟೇ ಆಧಾರವಾಗಿ ಹಿಡಿದರು. ಇಂದಿನ ಪ್ರಮಾಣಿತ ಸಿದ್ಧಾಂತದಲ್ಲಿ ತುಷ್ಟಿಗುಣ ಆದ್ಯತೆಗಳ ಕ್ರಮವನ್ನು ತೋರಿಸುತ್ತದೆ, ಸುಖವನ್ನಲ್ಲ.

ಹಾಗಾದರೆ ಆಯ್ಕೆಯಿಂದಲೇ ಸುಖವನ್ನು ಊಹಿಸಬಹುದಲ್ಲ ಎಂಬುದು ಎರಡನೆಯ ತಪ್ಪು. 1993ರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದವರು 14 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 60 ಸೆಕೆಂಡು ಕೈ ಅದ್ದಿದರು. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು ಕೈ ತೆಗೆಯುವಂತಿರಲಿಲ್ಲ. ಅಷ್ಟರಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿತ್ತು. ಮತ್ತೊಮ್ಮೆ ಮಾಡಬೇಕಾದರೆ ಯಾವುದು ಎಂದಾಗ ಹೆಚ್ಚಿನವರು ಆರಿಸಿದ್ದು ಹೆಚ್ಚು ಹೊತ್ತಿನ ನೋವನ್ನೇ! ನೆನಪು ಅವಧಿಯನ್ನು ಬಹುಮಟ್ಟಿಗೆ ಮರೆತು, ನೋವಿನ ತುತ್ತತುದಿಯನ್ನೂ ಕೊನೆಯ ಕ್ಷಣಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆಯ್ಕೆ ನಡೆಯುವುದು ಆ ನೆನಪಿನ ಮಾತು ಕೇಳಿ.

ಮೂರನೆಯ ತಪ್ಪು ಮಿದುಳಿನ ಕುರಿತದ್ದು: ಡೋಪಮೈನ್ 'ಸುಖದ ರಾಸಾಯನಿಕ' ಎಂಬುದು ಪತ್ರಿಕೆಗಳಲ್ಲೂ ಬೇರೂರಿರುವ ಮಾತು. ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಜ್ ಮಂಗಗಳಲ್ಲಿ ಕಂಡದ್ದು ಬೇರೆಯೇ. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮೈನ್ ನರಕೋಶಗಳು ಚುರುಕಾದವು. ರಸಕ್ಕೆ ಮುನ್ನ ಸೂಚನೆ ಬರುತ್ತದೆಂದು ಮಂಗ ಕಲಿತ ಮೇಲೆ ಅವು ಸೂಚನೆಗೇ ಮಿಡಿದವು, ರಸಕ್ಕಲ್ಲ. ನಿರೀಕ್ಷಿಸಿದ ರಸ ಬಾರದಿದ್ದರೆ ಸರಿಯಾಗಿ ಆ ಕ್ಷಣಕ್ಕೆ ಅವುಗಳ ಚಟುವಟಿಕೆ ಕುಸಿಯಿತು. ಅಂದರೆ ಈ ಕೋಶಗಳು ಲೆಕ್ಕ ಹಾಕುವುದು ನಿರೀಕ್ಷೆಗೂ ದೊರೆತದ್ದಕ್ಕೂ ಇರುವ ಅಂತರವನ್ನು. ನರವಿಜ್ಞಾನಿ ಕೆಂಟ್ ಬೆರಿಡ್ಜ್ ಅವರ ಪ್ರಯೋಗದ ಇಲಿಗಳು ಇನ್ನೂ ಸ್ಪಷ್ಟ ಸಾಕ್ಷಿ. ಡೋಪಮೈನ್ ಬಹುಪಾಲು ನಾಶವಾದ ಇಲಿಗಳು ತಾವಾಗಿ ಆಹಾರ ಮುಟ್ಟಲಿಲ್ಲ. ಆದರೆ ಬಾಯಿಗೆ ಸಿಹಿ ಬಿಟ್ಟಾಗ ಮೊದಲಿನಂತೆಯೇ ತುಟಿ ಸವರಿಕೊಂಡವು. ಬಯಕೆ ಹೋಗಿತ್ತು, ರುಚಿಯ ಸುಖ ಹೋಗಿರಲಿಲ್ಲ.

ಮಿದುಳಿನ ಸ್ಕ್ಯಾನ್ ತುಷ್ಟಿಗುಣವನ್ನು ನೇರವಾಗಿ ಅಳೆಯುತ್ತದೆ ಎಂಬುದೂ ಸರಿಯಲ್ಲ. ಇದಕ್ಕೆ ಬಳಸುವ ಎಫ್‌ಎಂಆರ್‌ಐ ಸ್ಕ್ಯಾನ್ ಅಳೆಯುವುದು ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು. ಉಳಿದದ್ದು ಅದರಿಂದ ಮಾಡುವ ಊಹೆ.

ವ್ಯಸನದಲ್ಲಿ ಬಯಕೆಗೂ ಸುಖಕ್ಕೂ ಇರುವ ಭೇದ ಕಣ್ಣಿಗೆ ರಾಚುತ್ತದೆ: ಸುಖ ಕುಗ್ಗಿದರೂ ಬಯಕೆ ಬೆಳೆಯಬಲ್ಲದು. ಆದ್ದರಿಂದ ವ್ಯಸನಿ ಮತ್ತೆ ಮತ್ತೆ ಕೊಳ್ಳುತ್ತಾನೆ ಎಂಬುದನ್ನು ಅವನ ತೃಪ್ತಿಗೆ ಪುರಾವೆಯೆಂದು ಒಪ್ಪಲಾಗದು.