ಬತ್ತಿದ ಬಾವಿಯಿಂದ ಕಣ್ಣು ತೆಗೆಯಿರಿ



ಕೊಳವೆ ಬಾವಿ ಬತ್ತಿದ ಮನೆಯ ಕಷ್ಟವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಬಾವಿಯಲ್ಲಿ ನೀರು ನಿಂತಿತು. ಕೈಸಾಲ ಮಾಡಿ ಎರಡನೆಯದನ್ನು ಕೊರೆಸಿದಿರಿ. ಬರೀ ಧೂಳು ಬಂತು. ಮನೆಯಾಕೆಯ ಒಡವೆ ಅಡವಿಟ್ಟು ಮೂರನೆಯದಕ್ಕೆ ಲಾರಿ ಕರೆಸಿದಿರಿ. ಅದರಲ್ಲಿ ಬಂದ ನೀರು ಒಂದು ಬೇಸಿಗೆಗೂ ಸಾಲಲಿಲ್ಲ. ಈಗ ಬೆಳಿಗ್ಗೆ ಎದ್ದರೆ ಕಾಲು ತಾನಾಗಿ ಅದೇ ಪೈಪಿನ ಬಳಿಗೆ ಹೋಗುತ್ತದೆ. ರಾತ್ರಿ ಮಲಗಿದರೂ ಅದೇ ಲೆಕ್ಕ. ಇನ್ನೊಂದು ಕೊರೆಸಿದರೆ ಹೇಗೆ? ಆ ಮೂಲೆಯಲ್ಲಿ ಕೊರೆಸಿದ್ದರೆ ಸಿಗುತ್ತಿತ್ತೇ?

ಮನಸ್ಸು ಹೀಗೆ ಗಾಣದ ಎತ್ತಿನಂತೆ ಒಂದೇ ಸುತ್ತು ತಿರುಗತೊಡಗಿದಾಗ ದಾರಿ ಕಾಣುವುದಿಲ್ಲ. ಬುದ್ಧಿ ಕಡಿಮೆಯೆಂದು ಹೀಗಾಗುವುದಲ್ಲ. ಹಣ, ಮಾನ, ಆಸೆ ಎಲ್ಲವನ್ನೂ ಒಂದೇ ಕಡೆ ಹಾಕಿರುವುದರಿಂದ ಕಣ್ಣು ಆ ಕಡೆಯಿಂದ ಕೀಳಲಾಗುವುದಿಲ್ಲ. ಇಂಥ ಸಮಯದಲ್ಲಿ ಮಾಡಬೇಕಾದ ಮೊದಲ ಕೆಲಸವೆಂದರೆ ಆ ಪೈಪಿಗೆ ಬೆನ್ನು ತಿರುಗಿಸಿ ಹೊಲದ ಉಳಿದ ಭಾಗವನ್ನು ನೋಡುವುದು.

ಕೆಳಗಿನ ನೀರು, ಮೇಲಿನ ನೀರು

ನಮ್ಮ ಬಯಲುಸೀಮೆಯ ಬಹುಭಾಗ ಗಟ್ಟಿ ಬಂಡೆಯ ನೆಲ. ಅಲ್ಲಿ ನೀರು ಇರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಸಾವಿರ ಅಡಿ ಹೋದರೂ ಇಲ್ಲ. ನೆರೆಯವನಿಗೆ ಸಿಕ್ಕಿ ನಿಮಗೆ ಸಿಗದಿರುವುದು ಇದರಿಂದಲೇ ಹೊರತು ಹಣೆಬರಹದಿಂದಲ್ಲ. ಅಲ್ಲದೆ ಆ ಬಿರುಕುಗಳನ್ನು ತುಂಬಿಸುವುದೂ ಮೇಲೆ ಬಿದ್ದ ಮಳೆಯೇ. ಮಳೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಊರೆಲ್ಲ ಸೇರಿ ಎತ್ತಿದರೆ ಹೊಸ ಬಾವಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಇನ್ನು ಮೇಲಿನ ನೀರಿನ ಲೆಕ್ಕ ನೋಡಿ. ಒಂದು ಎಕರೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 40 ಸಾವಿರ ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವ ಕಡೆ ಒಂದೊಂದು ಎಕರೆಗೂ ಸುಮಾರು 24 ಲಕ್ಷ ಲೀಟರ್ ಬೀಳುತ್ತದೆ. ಅದರಲ್ಲಿ ಬಹುಪಾಲು ಇಂಗುತ್ತದೆ, ಆರುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಹರಿದುಹೋಗುತ್ತದೆ ಎಂದಿಟ್ಟುಕೊಂಡರೂ 2 ಲಕ್ಷ 40 ಸಾವಿರ ಲೀಟರ್ ನಿಮ್ಮ ಬದು ದಾಟಿ ಹಳ್ಳ ಸೇರುತ್ತದೆ. ಜೊತೆಗೆ ನಿಮ್ಮ ಮೇಲ್ಮಣ್ಣನ್ನೂ ಒಯ್ಯುತ್ತದೆ. ಇದಕ್ಕಾಗಿ ನೀವು ಒಂದು ಅಡಿಯನ್ನೂ ಕೊರೆಸಬೇಕಾಗಿಲ್ಲ.

ಎಷ್ಟು ದೊಡ್ಡ ಹೊಂಡ?

ಬಾಯಿ 33 ಅಡಿ ಉದ್ದ, 33 ಅಡಿ ಅಗಲ; ಆಳ 10 ಅಡಿ; ಗೋಡೆಗಳನ್ನು ಇಳಿಜಾರಾಗಿ ತೆಗೆದು ತಳ 13 ಅಡಿ ಚೌಕ. ಇಂಥ ಹೊಂಡದಲ್ಲಿ ಸುಮಾರು ಒಂದೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಅದು ತೆಗೆದುಕೊಳ್ಳುವ ಜಾಗ ಸುಮಾರು ಒಂದು ಗುಂಟೆ, ಏರಿಯ ಮಣ್ಣಿಗೆ ಇನ್ನಷ್ಟು. ಆರಿದ್ದು, ಇಂಗಿದ್ದು ಕಳೆದು ಒಂದು ಲಕ್ಷ ಲೀಟರ್ ಕೈಗೆ ಬಂದರೆ, ಒಂದು ಎಕರೆ ಪೈರಿಗೆ ಒಂದು ಅಂಗುಲದಂತೆ ಒಂದು ಸಲ ನೀರು ಕೊಡಬಹುದು.

ಒಂದೇ ಸಲವೇ ಎಂದು ನೀವು ಕೇಳಬಹುದು. ರಾಗಿ ತೆನೆ ಬಿಚ್ಚುವಾಗ, ತೊಗರಿ ಹೂ ಕಟ್ಟುವಾಗ ಹದಿನೈದು ದಿನ ಮಳೆ ಕೈಕೊಟ್ಟರೆ ಏನಾಗುತ್ತದೆಂಬುದನ್ನು ನೀವೇ ಬಲ್ಲಿರಿ. ಆ ಒಂದು ನೀರಿನಲ್ಲಿ ಫಸಲು ಉಳಿಯುತ್ತದೆ. ಆದರೆ ಈ ಹೊಂಡವನ್ನು ನಂಬಿ ಅಡಿಕೆ ತೋಟ ಇಡಬೇಡಿ, ಬೇಸಿಗೆಯ ಭತ್ತ ನಾಟಿ ಮಾಡಬೇಡಿ. ಅಷ್ಟು ನೀರು ಅದರಲ್ಲಿಲ್ಲ. ಮಳೆ ಆಶ್ರಯದ ಬೆಳೆಗೆ ಬೆಂಬಲ, ನಾಲ್ಕು ಮಡಿ ತರಕಾರಿ, ಬದುವಿನ ಮೇಲೆ ನುಗ್ಗೆ, ದನಕರುಗಳಿಗೆ ನೀರು, ಇಷ್ಟಕ್ಕೆ ಸಾಕು.

ಗಮನದಲ್ಲಿಡಿ

ಹೊಲದ ತಗ್ಗಿನ ಭಾಗದಲ್ಲಿ, ನೀರು ತಾನಾಗಿ ಬಂದು ಸೇರುವ ಕಡೆ ಹೊಂಡ ತೆಗೆಯಿರಿ. ನೀರು ಒಳಬರುವ ಬಾಯಿಯ ಮುಂದೆ ಚಿಕ್ಕ ಗುಂಡಿ ಮಾಡಿದರೆ ಹೂಳು ಅಲ್ಲಿಯೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಅದನ್ನು ತೆಗೆದು ಹೊಲಕ್ಕೆ ಹಾಕಿ. ತುಂಬಿದ ನೀರು ಹೊರಹೋಗಲು ಕಲ್ಲು ಕಟ್ಟಿದ ಕೋಡಿ ಬೇಕು. ಎರೆ ಮಣ್ಣಿನಲ್ಲಿ ನೀರು ನಿಲ್ಲುತ್ತದೆ. ಕೆಂಪು ಮಣ್ಣಿನಲ್ಲಿ ಬೇಗ ಇಂಗುವುದರಿಂದ ನೀರು ಹಿಡಿದಿಡಲು ತಳಕ್ಕೆ ಹೊದಿಕೆ ಬೇಕಾಗುತ್ತದೆ. ಹೊದಿಕೆ ಹಾಕದೆ ಬಿಟ್ಟರೆ ಆ ನೀರು ನಿಮ್ಮದೋ ನೆರೆಯವರದೋ ಬಾವಿಗೆ ನೆರವಾಗಬಹುದು. ಸುತ್ತಲೂ ಬೇಲಿ ಹಾಕುವುದನ್ನು ಮಾತ್ರ ಮರೆಯಬೇಡಿ. ಇಳಿಜಾರಿನಲ್ಲಿ ಜಾರಿದ ಮಗು ಹತ್ತಿ ಬರಲಾರದು.

ಹೊಂಡಕ್ಕೆ ಮೊದಲು ಇಳಿಜಾರಿಗೆ ಅಡ್ಡಲಾಗಿ ಬದು ಸರಿಪಡಿಸಿ, ಅಡ್ಡಲಾಗಿಯೇ ಉಳುಮೆ ಮಾಡಿ. ಇದಕ್ಕೆ ಸಾಲ ಬೇಕಿಲ್ಲ. ಹೊಂಡಕ್ಕೆ ಸಿಗುವ ನೆರವಿನ ವಿಚಾರವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅಲ್ಲಿಗೆ ಹೋಗಲಾಗದಿದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು.

ಹಾಗಾದರೆ ಹಠ ಬೇಡವೇ?

ದಕ್ಷಿಣ ಕನ್ನಡದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಹೆಸರನ್ನು ನೀವು ಕೇಳಿರಬಹುದು. ಕೂಲಿ ಮಾಡುತ್ತಿದ್ದ ಅವರು ಗುಡ್ಡದ ಇಳಿಜಾರಿನ ತುಂಡು ನೆಲಕ್ಕೆ ನೀರು ತರಲು ಗುಡ್ಡದೊಳಗೆ ಅಡ್ಡಲಾಗಿ ಸುರಂಗ ತೋಡಿದರು. ಒಂದಲ್ಲ, ಹಲವು ಸುರಂಗಗಳು ವ್ಯರ್ಥವಾದವು. ಕೊನೆಗೆ ನೀರು ಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಇದು ಹಠವೇ ಅಲ್ಲವೇ ಎನ್ನುವಿರಿ. ಹೌದು. ಆದರೆ ಅವರು ಪಣಕ್ಕಿಟ್ಟಿದ್ದು ಕೂಲಿ ಮುಗಿದ ಮೇಲಿನ ತಮ್ಮ ರಟ್ಟೆಯ ಬಲವನ್ನು. ವ್ಯರ್ಥವಾದ ಸುರಂಗ ಮೈ ನೋಯಿಸೀತು, ಬಡ್ಡಿ ಬೆಳೆಸಲಾರದು. ಸಾಲದ ಹಣದಲ್ಲಿ ಮಾಡುವ ಹಠವೇ ಬೇರೆ.

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುವವರು. ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆ ಕುಡಿಯಲು ನೀರಿಲ್ಲದ್ದನ್ನು ಕಂಡು, ಕುರಿ ಮಾರಿದ ಹಣವನ್ನೂ ಹಾಕಿ ಒಂದರ ಹಿಂದೆ ಒಂದರಂತೆ ಹತ್ತಕ್ಕೂ ಮಿಕ್ಕಿ ಕಟ್ಟೆಗಳನ್ನು ಮಾಡಿಸಿದರು. 2022ರಲ್ಲಿ ಅವರು ತೀರಿಕೊಂಡರು. ಅವರು ಮಾಡಿದ ಕೆಲಸದ ಹೆಸರು ನಾಡಿನಲ್ಲಿ ಉಳಿಯಿತು. ಅವರು ಗಮನವಿಟ್ಟು ನೋಡಿದ್ದು ಬೆಟ್ಟದ ಮೇಲೆ ಬಿದ್ದು ಹರಿದುಹೋಗುತ್ತಿದ್ದ ಮಳೆಯನ್ನು.

ಮನಸ್ಸು ತಿರುಗದಿದ್ದರೆ

ಸಾಲದ ಚಿಂತೆಯಲ್ಲಿ ನಿದ್ದೆ ಬಿಟ್ಟವರಿಗೆ ಹೊಂಡದ ಲೆಕ್ಕವೂ ತಲೆಗೆ ಹತ್ತದಿರಬಹುದು. ಊಟ ಸೇರದೆ, ಯಾರೊಡನೆಯೂ ಮಾತು ಬೇಡವೆನಿಸಿ, ಬದುಕೇ ಸಾಕೆನಿಸಿದರೆ ಅದನ್ನು ಮುಚ್ಚಿಡಬೇಡಿ. ಮನೆಯವರಿಗೆ ಹೇಳಿ. 14416 ಸಂಖ್ಯೆಗೆ ದೂರವಾಣಿ ಮಾಡಿ. 2022ರಲ್ಲಿ ಸರ್ಕಾರ ಆರಂಭಿಸಿದ ಈ ಸಹಾಯವಾಣಿ ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ. ಜ್ವರಕ್ಕೆ ಔಷಧಿ ಕೇಳುವುದರಲ್ಲಿ ಇಲ್ಲದ ನಾಚಿಕೆ ಇದಕ್ಕೇಕೆ? ನಿಮ್ಮ ಓಣಿಯಲ್ಲಿ ಯಾರಾದರೂ ಹೀಗೆ ಮೌನವಾಗಿದ್ದರೆ ನೀವೇ ಹೋಗಿ ಜಗುಲಿಯಲ್ಲಿ ಒಂದು ಗಳಿಗೆ ಕುಳಿತು ಬನ್ನಿ.

ಮುಂದಿನ ಮಳೆಗೆ ಒಂದು ಕೆಲಸ ಮಾಡಿ. ನೇರ ಗೋಡೆಯ ಡಬ್ಬವೊಂದನ್ನು ಬಯಲಿನಲ್ಲಿಡಿ. ಗುಡುಗು ಮಿಂಚು ಇಲ್ಲದಿದ್ದರೆ ಗೋಣಿ ಕೊಪ್ಪೆ ಹಾಕಿಕೊಂಡು ಹೊಲದಲ್ಲಿ ನಿಂತು ನೀರು ಎಲ್ಲಿಂದ ಬಂತು, ಯಾವ ಬದು ಒಡೆಯಿತು, ಎಲ್ಲಿ ಹೊರಟುಹೋಯಿತು ಎಂಬುದನ್ನು ನೋಡಿ. ಮಳೆ ನಿಂತ ಮೇಲೆ ಡಬ್ಬದಲ್ಲಿ ಒಂದು ಸೆಂಟಿಮೀಟರ್ ನೀರಿದ್ದರೆ ಎಕರೆಗೆ 40 ಸಾವಿರ ಲೀಟರ್ ಬಿದ್ದಿತೆಂದು ತಿಳಿಯಿರಿ. ಇನ್ನೊಂದು ಬಾವಿಯ ಸಾಲಪತ್ರಕ್ಕೆ ಸಹಿ ಹಾಕುವುದಾದರೂ ಈ ಲೆಕ್ಕ ಮಾಡಿದ ಮೇಲೆ ಹಾಕಿ.