ವಿದ್ಯುತ್ ಸೈಕಲ್ಲು: ಚೈನಿನ ಸವೆತ

ಶಿರೂರು, ಬಾದಾಮಿ ಭಾಗದ ಸೈಕಲ್ ವ್ಯಾಪಾರಿಗಳು ವಿದ್ಯುತ್ ಸೈಕಲ್ಲು ಮಾರುವ ಮುನ್ನ ಮೋಟಾರು ಎಲ್ಲಿದೆಯೆಂಬುದನ್ನು ಗಮನಿಸತಕ್ಕದ್ದು. ಹಿಂದಿನ ಚಕ್ರದ ಹಬ್ಬಿನಲ್ಲಿದ್ದರೆ ಅದರ ಬಲ ಚೈನಿನ ಮೇಲೆ ಬೀಳದು. ಗುಡ್ಡಗಾಡು ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮೋಟಾರು ಪೆಡಲಿನ ಬಳಿಯಿದ್ದು, ಸವಾರನ ಬಲವೂ ಮೋಟಾರಿನ ಬಲವೂ ಒಂದೇ ಚೈನಿನ ಮೂಲಕ ಸಾಗುತ್ತವೆ. ಇಲ್ಲಿಯ ಮರಳುಗಲ್ಲಿನ ದೂಳು ಎಣ್ಣೆಯೊಡನೆ ಬೆರೆತರಂತೂ ಉಕ್ಕನ್ನು ಅರೆಯುವ ಪುಡಿಯೇ ಸರಿ.

ಚೈನು ‘ಹಿಗ್ಗಿತು’ ಎಂಬುದು ರೂಢಿಯ ಮಾತು. ವಾಸ್ತವವಾಗಿ ಸವೆಯುವುದು ಪಿನ್ನುಗಳು ಮತ್ತು ಅವು ತಿರುಗುವ ರಂಧ್ರಗಳು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 24 ಕೊಂಡಿಗಳ ಉದ್ದ 304.8 ಮಿ.ಮೀ. 11 ಅಥವಾ 12 ಗೇರುಗಳ ಚೈನಿನಲ್ಲಿ ಇದು 1.5 ಮಿ.ಮೀ. ಹೆಚ್ಚಿದೊಡನೆ ಬದಲಿಸುವುದು ಲೇಸು. ತಡಮಾಡಿದಲ್ಲಿ ಹಲ್ಲುಚಕ್ರಗಳೂ ಸವೆದು, ಹೊಸ ಚೈನು ಅವುಗಳ ಮೇಲೆ ಜಾರುತ್ತದೆ. ಬ್ಯಾಟರಿಯ ಖಾತರಿ ವಿಚಾರಿಸುವ ಗಿರಾಕಿ ಚೈನಿನ ಮಾತೆತ್ತುವುದು ಅಪರೂಪ, ತಿಳಿಸಬೇಕಾದವರು ಅಂಗಡಿಯವರೇ.