ಪಂಜೆಯವರ ನಗು, ಬಯಲುಸೀಮೆಯ ವೀರರು

ಮಕ್ಕಳ ಸಾಹಸಕತೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ದೂರದ ದ್ವೀಪ, ಒಡೆದ ಹಡಗು, ಹೂತಿಟ್ಟ ನಿಧಿ. ಸಮುದ್ರವನ್ನೇ ಕಾಣದ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹುಡುಗನೂ ಇಂಥ ಕತೆಗಳನ್ನು ಓದಿ ಕಣ್ಣರಳಿಸುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಾಹಸವೆಂಬುದು ಯಾವಾಗಲೂ ಬೇರೆ ಊರಿನವರು ಮಾಡುವ ಕೆಲಸ ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಬೇರೂರಿದರೆ ಅದು ನಷ್ಟವೇ ಸರಿ. ಸುಮಾರು ನೂರು ವರ್ಷಗಳ ಹಿಂದೆಯೇ ಈ ನಷ್ಟ ತುಂಬುವಂಥ ಕೆಲಸಕ್ಕೆ ಕೈಹಾಕಿದವರು ಪಂಜೆ ಮಂಗೇಶರಾಯರು. ಅವರು ತಮ್ಮ ಊರುಕೇರಿಯ ವೀರರನ್ನು ಕನ್ನಡದ ಮಕ್ಕಳ ಮುಂದೆ ತಂದು ನಿಲ್ಲಿಸಿದರು. ಜೊತೆಗೆ ಧಾರಾಳವಾಗಿ ನಗುವನ್ನೂ ತಂದರು.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ದಕ್ಷಿಣ ಕನ್ನಡದ ಬಂಟವಾಳದಲ್ಲಿ. ಮನೆಮಾತು ಕೊಂಕಣಿ, ಊರಮಾತು ತುಳು, ಬರೆದದ್ದು ಕನ್ನಡ. ಬಡತನದಲ್ಲಿ ಓದಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದರು. ಮುಂದೆ ಶಾಲಾ ಇನ್‌ಸ್ಪೆಕ್ಟರಾಗಿ ಹಳ್ಳಿಹಳ್ಳಿ ತಿರುಗಿದರು. ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೊಡಗಿನವರು ಇಂದಿಗೂ ಅಭಿಮಾನದಿಂದ ಹಾಡುವ 'ಹುತ್ತರಿ ಹಾಡು' ಅವರದೇ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

ಇಷ್ಟು ದೊಡ್ಡ ಮನುಷ್ಯ ತಮಗೆ ಇಟ್ಟುಕೊಂಡ ಹೆಸರುಗಳನ್ನು ನೋಡಿ: ಒಂದು 'ಕವಿಶಿಷ್ಯ', ಇನ್ನೊಂದು 'ಹರಟೆಮಲ್ಲ'. ಕವಿ ಎಂದು ಕರೆದುಕೊಳ್ಳಲು ಸಂಕೋಚ, ಹರಟೆಯಲ್ಲಿ ಮಾತ್ರ ಪೈಲ್ವಾನನ ಪಟ್ಟ! ಅವರ ಹಾಸ್ಯದ ಗುಟ್ಟು ಇಲ್ಲೇ ಇದೆ. ಮೊದಲು ತಮ್ಮನ್ನೇ ಸಣ್ಣವರನ್ನಾಗಿ ಮಾಡಿಕೊಂಡು, ಆಮೇಲೆ ಉಳಿದವರನ್ನು ನಗಿಸುವ ರೀತಿ ಅದು. ಹೊಸಗನ್ನಡದ ಮೊದಮೊದಲ ಸಣ್ಣಕತೆಗಳಲ್ಲಿ ಎಣಿಕೆಯಾಗುವ 'ನನ್ನ ಚಿಕ್ಕ ತಾಯಿ', 'ಕಮಲಾಪುರದ ಹೋಟ್ಲಿನಲ್ಲಿ' ಮುಂತಾದ ಬರಹಗಳಲ್ಲಿಯೂ ಈ ಲಘುವಾದ ಧಾಟಿಯೇ ಇದೆ.

ಆ ಕಾಲದ ಹಳ್ಳಿಶಾಲೆಯಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮಕ್ಕಳಿಗಿಂತ ಮೊದಲು ಮೇಷ್ಟರೇ ಬೆವರುತ್ತಿದ್ದರು. ಪಂಜೆಯವರು ಕುಳಿತದ್ದು ಅಂಥ ಹುದ್ದೆಯಲ್ಲಿ. ಆದರೆ ಮಕ್ಕಳ ಮುಂದೆ ತಮ್ಮ ಪದ್ಯಗಳನ್ನು ರಾಗವಾಗಿ ಹಾಡಿ, ಅಭಿನಯಿಸಿ ತೋರಿಸುವುದು ಅವರ ಸ್ವಭಾವವಾಗಿತ್ತು. ಪಠ್ಯಪುಸ್ತಕವೆಂದರೆ ನೀತಿಯ ಕಷಾಯ ಎಂದಿದ್ದ ದಿನಗಳಲ್ಲಿ ಕೋಳಿ, ಇಲಿ, ಸಿಗಡಿಗಳಿಗೆ ಅವರು ಪುಸ್ತಕದಲ್ಲಿ ಜಾಗ ಕೊಟ್ಟರು. 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಕತೆಯನ್ನು ನೋಡಿ. ಒಬ್ಬರು ಇನ್ನೊಬ್ಬರನ್ನು ದೂರುತ್ತಾ ಹೋಗುವ ಸರಪಳಿ ಕತೆ ಅದು. ಮಕ್ಕಳಿಗೆ ಅದು ಆಟ. ಕಚೇರಿಗೆ ಅರ್ಜಿ ಹಿಡಿದು ಅಲೆದ ದೊಡ್ಡವರಿಗೆ ಅದರಲ್ಲಿ ಬೇರೊಂದು ಅರ್ಥವೂ ಹೊಳೆದೀತು.

ಸಾಹಸಕತೆಗೆ ಬಂದರೆ, ಅವರ 'ಕೋಟಿ ಚೆನ್ನಯ'ವನ್ನು ಮೊದಲು ಹೆಸರಿಸಬೇಕು. ತುಳುನಾಡಿನಲ್ಲಿ ಭೂತಾರಾಧನೆಯ ಸಂದರ್ಭದಲ್ಲೂ ಗದ್ದೆಯ ಕೆಲಸದಲ್ಲೂ ಹಾಡುವ ದೀರ್ಘ ಹಾಡುಗಳಿಗೆ ಪಾಡ್ದನ ಎಂದು ಹೆಸರು. ಅಂಥ ಪಾಡ್ದನದ ನಾಯಕರು ಈ ಅವಳಿ ಸಹೋದರರು. ತಾಯಿ ದೇಯಿ ಬೈದೆತಿ, ಮದ್ದು ಬಲ್ಲ ಹೆಂಗಸು. ಹುಡುಗರಿಬ್ಬರ ಬಾಳಿನ ದೊಡ್ಡ ಹಗೆ ಬೆಳೆಯುವುದು ಕಾಯಿ ಆಟದ ಜಗಳ, ಗದ್ದೆಗೆ ಹಾಯಿಸುವ ನೀರಿನ ಜಗಳ ಇಂಥವುಗಳಿಂದ. ಕೊನೆ ಮಾತ್ರ ಎಣ್ಮೂರಿನ ಯುದ್ಧಭೂಮಿಯಲ್ಲಿ. ಆಟದ ಬಯಲಿನಿಂದ ರಣರಂಗದವರೆಗಿನ ಈ ಹಾದಿಯನ್ನು ಪಂಜೆಯವರು ಮಕ್ಕಳು ಓದಬಲ್ಲ ಗದ್ಯಕ್ಕೆ ತಂದರು. ವೀರರು ಸಾಯುವುದನ್ನು ಅವರು ಮರೆಮಾಚಲಿಲ್ಲ. ಮಗು ದುಃಖವನ್ನು ತಡೆದುಕೊಳ್ಳಬಲ್ಲದು ಎಂಬ ನಂಬಿಕೆ ಅವರಿಗಿತ್ತೆಂದು ತೋರುತ್ತದೆ.

ಇದೇ ನೆಲದ ಇನ್ನೊಬ್ಬ ಬಲಶಾಲಿ ಅಗೋಳಿ ಮಂಜಣ್ಣ. ತೋಳಿನಷ್ಟೇ ದೊಡ್ಡದು ಅವನ ಹೊಟ್ಟೆ. ಇಲ್ಲಿ ಪರಾಕ್ರಮವೇ ನಗೆಯಾಗುತ್ತದೆ. 'ಮೆಣಸಿನ ಕಾಳಪ್ಪ' ಇದಕ್ಕೆ ತದ್ವಿರುದ್ಧ. ಅವನ ಗಾತ್ರ ಹೆಸರಿನಲ್ಲೇ ಇದೆ. ಒಬ್ಬ ಬೆಟ್ಟದಷ್ಟು, ಇನ್ನೊಬ್ಬ ಕಾಳಿನಷ್ಟು. ಮಕ್ಕಳಿಗೆ ಇಬ್ಬರೂ ಬೇಕು. ದೊಡ್ಡವರ ಲೋಕದಲ್ಲಿ ತಾನು ಕಾಳಿನಷ್ಟಾದರೂ ಕನಸಿನಲ್ಲಿ ಬೆಟ್ಟದಷ್ಟು ಎಂಬುದು ಎಲ್ಲ ಮಕ್ಕಳ ಪಾಡಲ್ಲವೇ?

ಭಯ ಮತ್ತು ನಗು ಹೇಗೆ ಒಂದಾಗುತ್ತವೆ ಎಂಬುದಕ್ಕೆ ನಾವೆಲ್ಲ ಶಾಲೆಯಲ್ಲಿ ಕಲಿತ 'ನಾಗರಹಾವೆ' ಪದ್ಯವೇ ಸಾಕ್ಷಿ. ಮಗು ಹಾವನ್ನು ಕೈಮುಗಿದು ಕರೆಯುತ್ತದೆ, ಹಾಲಿನ ಆಸೆ ತೋರಿಸುತ್ತದೆ, ಹೆಡೆ ಬಿಚ್ಚು ಎನ್ನುತ್ತದೆ. ಕೊನೆಗೆ ಅದೇ ಮಗು ಬೇಗ ಹೊರಟುಹೋಗು ಎಂದು ಕೇಳಿಕೊಳ್ಳುತ್ತದೆ. ಧೈರ್ಯದ ಮೇಲೆ ಉದ್ದನೆಯ ಉಪದೇಶ ಇಲ್ಲಿಲ್ಲ. ಕುತೂಹಲವೂ ಅಂಜಿಕೆಯೂ ಒಂದೇ ಎದೆಯಲ್ಲಿ ಇರುತ್ತವೆ, ಅದಕ್ಕೆ ನಾಚಬೇಕಾಗಿಲ್ಲ ಎಂಬುದನ್ನು ಮಗು ಹಾಡುತ್ತಲೇ ತಿಳಿದುಕೊಳ್ಳುತ್ತದೆ.

ಹೀಗೆ ನೋಡಿದರೆ ಪಂಜೆಯವರ ವಿಧಾನದಲ್ಲಿ ಮೂರು ಅಂಶಗಳು ಕಾಣುತ್ತವೆ. ವೀರನನ್ನು ಹತ್ತಿರದ ಹಾಡಿನಿಂದ ಆರಿಸಿಕೊಳ್ಳುವುದು. ಮಗುವಿನ ನಾಲಗೆಗೆ ಒಗ್ಗುವ, ಕುಣಿಯುವ ಮಾತಿನಲ್ಲಿ ಹೇಳುವುದು. ನೀತಿಯನ್ನು ಕತೆಯ ಬಾಲಕ್ಕೆ ಕಟ್ಟದಿರುವುದು. ಒಬ್ಬರಿಂದಲೇ ಆಗುವ ಕೆಲಸ ಇದಲ್ಲವೆಂದೋ ಏನೋ, 1921ರಲ್ಲಿ ಮಂಗಳೂರಿನಲ್ಲಿ ಅವರು ಬಾಲಸಾಹಿತ್ಯ ಮಂಡಲವನ್ನೂ ಕಟ್ಟಿದರು.

ಈಗ ಕರಾವಳಿಯಿಂದ ಘಟ್ಟ ಹತ್ತಿ ನಮ್ಮ ಬಯಲುಸೀಮೆಗೆ ಬರೋಣ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮಳೆ ಕಡಿಮೆ, ಕತೆಗೆ ಮಾತ್ರ ಬರವಿಲ್ಲ. ಮ್ಯಾಸಬೇಡರ ಹಾಡುಗಳಲ್ಲಿ ಗಾದರಿ ಪಾಲನಾಯಕನಿದ್ದಾನೆ. ಕಾಡುಗೊಲ್ಲರ ಹಾಡುಗಳಲ್ಲಿ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಇದ್ದಾರೆ. ಚಳ್ಳಕೆರೆ ತಾಲ್ಲೂಕಿನ ಕ್ಯಾತಪ್ಪನ ಜಾತ್ರೆಯಲ್ಲಿ ಯುವಕರು ಬರಿಗಾಲಿನಲ್ಲಿ ಬಾರೆಮುಳ್ಳಿನ ಗುಡಿಯನ್ನೇರಿ ಕಳಸ ಕೀಳುತ್ತಾರೆ. ಇದಕ್ಕಿಂತ ರೋಮಾಂಚಕವಾದ ಅಧ್ಯಾಯ ಯಾವ ಸಾಹಸಕತೆಯಲ್ಲಿದ್ದೀತು? ಮೊಳಕಾಲ್ಮೂರಿನ ಜಟಿಂಗ ರಾಮೇಶ್ವರ ಬೆಟ್ಟ ಜಟಾಯು ರಾವಣನೊಡನೆ ಹೋರಾಡಿದ ಜಾಗವೆಂದು ಜನ ಹೇಳುತ್ತಾರೆ. ಅದೇ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವೂ ಇದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಈ ಬೆಟ್ಟದ ಶಾಸನಗಳನ್ನು ಬೆಳಕಿಗೆ ತಂದದ್ದು ಸಹ ಒಂದು ನಿಧಿಶೋಧನೆಯೇ.

ಈ ಸೀಮೆಗೆ ಬರಹಗಾರರ ಕೊರತೆಯೂ ಇಲ್ಲ. ತಳುಕಿನ ಮನೆತನದ ತ.ರಾ.ಸು. ದುರ್ಗದ ನಾಯಕರ ಕತೆಯನ್ನು ಕಾದಂಬರಿಗಳಲ್ಲಿ ಬೆಳಗಿದರು. ಅವರ 'ದುರ್ಗಾಸ್ತಮಾನ'ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೇಷ್ಟರಾಗಿದ್ದ ಬೆಳಗೆರೆ ಕೃಷ್ಣಶಾಸ್ತ್ರಿಗಳು 'ಯೇಗ್ದಾಗೆಲ್ಲಾ ಐತೆ' ಪುಸ್ತಕದಲ್ಲಿ ಹಳ್ಳಿಯ ಆಡುಮಾತಿಗೆ ಎಷ್ಟು ಆಳ, ಎಷ್ಟು ತಮಾಷೆ ಇದೆಯೆಂದು ತೋರಿಸಿಕೊಟ್ಟರು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ರಾಶಿರಾಶಿ ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದಳು. ಅವನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದರು. ವಿದ್ವಾಂಸರಿಗೆ, ದೊಡ್ಡವರಿಗೆ ಬೇಕಾದ ಗ್ರಂಥಗಳು ಹೀಗೆ ಸಿದ್ಧವಾಗಿವೆ. ಹತ್ತು ವರ್ಷದ ಮಗು ಊಟ ಮರೆತು ಓದುವಂಥ ತೆಳ್ಳನೆಯ ಪುಸ್ತಕಗಳು ಇನ್ನೂ ಬೇಕಾಗಿವೆ.

ಹಟ್ಟಿಯಲ್ಲಿ ಹಾಡುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಒಬ್ಬ ಅಜ್ಜಿ ಹೋದರೆ ಅವಳೊಡನೆ ಹತ್ತಾರು ವೀರರೂ ಹೊರಟುಹೋಗುತ್ತಾರೆ. ಪಂಜೆಯವರ ಬಳಿ ಯಂತ್ರವಿರಲಿಲ್ಲ. ಕೇಳುವ ಕಿವಿ ಇತ್ತು, ನಗುವ ಮನಸ್ಸಿತ್ತು. ಇಂದು ಯಾವ ಹಳ್ಳಿಯ ಮೇಷ್ಟರ ಜೇಬಿನಲ್ಲೂ ದನಿ ಹಿಡಿದಿಡುವ ಫೋನಿದೆ. ಅವರು ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಹಟ್ಟಿಗೆ ಹೋಗಲಿ. ಕತೆ ಕೇಳಲಿ, ಮಾರನೆಯ ದಿನ ಮಕ್ಕಳ ಕೈಯಲ್ಲೇ ಅವರದೇ ಮಾತಿನಲ್ಲಿ ಬರೆಸಲಿ. ಕಾಗುಣಿತ ಆಮೇಲೆ ತಿದ್ದಿದರಾಯಿತು.